ತ್ರಿಕೋನಮಿತಿ ಕಿಟ್ಟು: ₹650ಕ್ಕೆ ಏನ್ ಸಿಗ್ತತೆ, ಏನ್ ಸಿಗಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಆ ಮೂರೂವರೇಲಿ ಎರಡು ಸ್ಟಾರ್ ಬರೀ ಮೂರು ಪ್ಲಾಸ್ಟಿಕ್ ತ್ರಿಕೋನಕ್ಕೆ ಕೊಟ್ಟಿರೋದು, ಯಾಕೆ ಅಂತ ಮುಂದೆ ಬರ್ತತೆ. ರಿವ್ಯೂ ಸ್ವಲ್ಪ ಉದ್ದ ಆಗೈತೆ, ಮನೇಲಿ ಎಸ್ಸೆಸ್ಸೆಲ್ಸಿ ಮಕ್ಳು ಇರೋರು ಪೂರ್ತಿ ಓದ್ರಿ, ಉಳಿದೋರು ನಿಮ್ಮಿಷ್ಟ.

ದಾವಣಗೆರೆಲಿ ನಂದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಐತೆ, ಗೇಟು, ಗ್ರಿಲ್ಲು, ಶೀಟ್ ಮನೆ ಟ್ರಸ್ಸು ಇಂಥವೇ ಕೆಲಸ. ಮಗಳು ಹತ್ತನೇ ಕ್ಲಾಸು. ಅವರ ಗಣಿತದ ಬುಕ್ಕಲ್ಲಿ ತ್ರಿಕೋನಮಿತಿಗೇ ಎರಡು ಪಾಠ, ಒಂದರಲ್ಲಿ ಸೈನ್ ಕಾಸ್ ಟ್ಯಾನು, ಇನ್ನೊಂದರಲ್ಲಿ ಗೋಪುರದ ಎತ್ತರ, ಗಾಳಿಪಟದ ದಾರ, ಉನ್ನತ ಕೋನ (ಮೇಲಕ್ಕೆ ನೋಡೋವಾಗಿಂದು), ಅವನತ ಕೋನ (ಕೆಳಕ್ಕೆ ನೋಡೋವಾಗಿಂದು). ಸೈನ್ ಅಂದ್ರೆ ಅಭಿಮುಖ ಬಾಹು (ಕೋನದ ಎದುರಿಂದು) ಭಾಗಿಸು ವಿಕರ್ಣ (ಲಂಬಕೋನದ ಎದುರಿನ ಉದ್ದ ಬಾಹು) ಅಂತ ಗಡಗಡ ಹೇಳ್ತಾಳೆ, ಸೂತ್ರ ಕೇಳಿದ್ರೆ ಒಂದೂ ಬಿಡಲ್ಲ, ಆದ್ರೆ ಒಂದಿನ ಊಟ ಮಾಡ್ತಾ "ಅಪ್ಪಾಜಿ, ಸೈನ್ 30 ಅಂದ್ರೆ ಅರ್ಧ ಅಂತಾರಲ್ಲ, ಯಾವುದರ ಅರ್ಧ ಅದು" ಅಂದ್ಲು. ಟ್ಯೂಷನ್ ಮೇಷ್ಟ್ರಿಗೆ ಕೇಳಿದ್ಲಂತೆ, ಅವರು ಟೇಬಲ್ ಬಾಯಿಪಾಠ ಮಾಡು ಮಾರ್ಕ್ಸ್ ಬರ್ತವೆ ಅಂದ್ರಂತೆ. ಹಂಗಾಗಿ ಪೇಟೇಲಿ ಸ್ಟೇಷನರಿ ಅಂಗಡೀಲಿ ಈ ಡಬ್ಬಿ ಕಣ್ಣಿಗೆ ಬಿದ್ದಾಗ ಜಾಸ್ತಿ ಯೋಚನೆ ಮಾಡ್ದೆ ತಗಂಡೆ.

ಡಬ್ಬೀಲಿ ಏನೇನೈತೆ ಅಂದ್ರೆ, ಕೋನ ಅಳೆಯೋ ಒಂದು ಕ್ಲಿನೋಮೀಟರು (ಅರ್ಧ ಚಂದ್ರಾಕಾರದ ಪ್ರೊಟ್ರ್ಯಾಕ್ಟರ್ ಮೇಲೆ ಒಂದು ಕೊಳವೆ, ಕೆಳಗೆ ದಾರಕ್ಕೆ ಕಟ್ಟಿರೋ ಮಣಿ), 30 ಮೀಟರ್ ಬಟ್ಟೆ ಟೇಪು, ಮೂರು ಅಕ್ರಿಲಿಕ್ ತ್ರಿಕೋನ, ಮುಳ್ಳು ತಿರುಗಿಸೋ ಒಂದು ವೃತ್ತದ ಬೋರ್ಡು, ಜತೆಗೆ ಕನ್ನಡ ಇಂಗ್ಲಿಷು ಎರಡರಲ್ಲೂ ಇರೋ ಪುಸ್ತಕ. ಕನ್ನಡ ಮೀಡಿಯಂ ಮಕ್ಳಿಗೂ ಅರ್ಥ ಆಗೋ ಹಂಗೆ ಬರ್ದಿದಾರೆ, ಅದಕ್ಕೆ ಮೆಚ್ಚಬೇಕು.

ಈಗ ಆ ತ್ರಿಕೋನದ ವಿಷ್ಯ. ಮೂರೂ ಲಂಬಕೋನ ತ್ರಿಕೋನ, ಮೂರರಲ್ಲೂ ಒಂದು ಮೂಲೆ 30 ಡಿಗ್ರಿ, ಸೈಜ್ ಮಾತ್ರ ಬೇರೆ ಬೇರೆ. ಚಿಕ್ಕದರ ವಿಕರ್ಣ 10 ಸೆಂಟಿಮೀಟರ್, ನಡುವಿಂದು 16, ದೊಡ್ಡದು 24. ಪುಸ್ತಕದಲ್ಲಿ ಒಂದು ಸೂತ್ರನೂ ಕೊಡದೆ, 30ರ ಎದುರಿಗಿರೋ ಬಾಹು ಅಳೀರಿ ಅಂತ ಮಾತ್ರ ಐತೆ. ಮಗಳು ಸ್ಕೇಲ್ ಇಟ್ಟು ಅಳೆದ್ಲು, 5, 8, ಕೊನೇದು 11.8 (12 ಬರಬೇಕಿತ್ತು, ಕಟಿಂಗ್ ಸರಿ ಇಲ್ಲ, ನಮ್ ಶೆಡ್ಡಲ್ಲಿ ಹುಡುಗ್ರು ಹಿಂಗೆ ಕಟ್ ಮಾಡಿದ್ರೆ ವಾಪಸ್ ಕಳಿಸ್ತೀನಿ). ಭಾಗಿಸಿ ನೋಡಿದ್ಲು, ಅರ್ಧ, ಅರ್ಧ, ಹೆಚ್ಚೂಕಮ್ಮಿ ಅರ್ಧ. ಸ್ವಲ್ಪ ಹೊತ್ತು ಸುಮ್ನೆ ಇದ್ದು "ಹಂಗಾದ್ರೆ ತ್ರಿಕೋನ ಈ ಮನೆಯಷ್ಟು ದೊಡ್ಡದಿದ್ರೂ ಅರ್ಧನೇನಾ" ಅಂದ್ಲು. ಹೌದು, ಅಷ್ಟೇ ವಿಷ್ಯ. ಮೂಲೆ ಒಂದೇ ಇದ್ರೆ ತ್ರಿಕೋನ ಎಷ್ಟೇ ಹಿಗ್ಗಲಿ ಎಷ್ಟೇ ಕುಗ್ಗಲಿ ಬಾಹುಗಳ ನಡುವಿನ ಪ್ರಮಾಣ ಬದಲಾಗಲ್ಲ, ಆ ಪ್ರಮಾಣಕ್ಕೇ ಸೈನು (ಎದುರಿನ ಬಾಹು ಭಾಗಿಸು ವಿಕರ್ಣ), ಕಾಸು (ಪಕ್ಕದ ಬಾಹು ಭಾಗಿಸು ವಿಕರ್ಣ), ಟ್ಯಾನು (ಎದುರಿಂದು ಭಾಗಿಸು ಪಕ್ಕದ್ದು) ಅಂತ ಹೆಸರಿಟ್ಟಿರೋದು. ಕೈಯಲ್ಲಿರೋ ಗೇಣುದ್ದದ ತ್ರಿಕೋನ ನೋಡಿ ಆಚೆ ಬೆಟ್ಟದಷ್ಟಿರೋ ತ್ರಿಕೋನದ ಲೆಕ್ಕ ಹೇಳ್ಬೋದು ಅನ್ನೋದು ಇದರ ಮೇಲೇ ನಿಂತೈತೆ. ಒಂದು ವರ್ಷದ ಟ್ಯೂಷನ್ನಲ್ಲಿ ಆಗದ್ದು ಹತ್ತು ರೂಪಾಯಿ ಅಕ್ರಿಲಿಕ್ಕಲ್ಲಿ ಆಯ್ತು. ಎರಡು ಸ್ಟಾರ್ ಇದಕ್ಕೇ.

ಕ್ಲಿನೋಮೀಟರ್‌ಗೆ ಬಂದ್ರೆ, ಐಡಿಯಾ ಚೆನ್ನಾಗೈತೆ, ಸಾಮಾನು ಸುಮಾರು. ಕೊಳವೇಲಿ ಕಣ್ಣಿಟ್ಟು ಮರದ ತುದಿ ನೋಡೋದು, ಕೊಳವೆ ಎಷ್ಟು ಡಿಗ್ರಿ ಮೇಲಕ್ಕೆ ಎದ್ದಿದೆ ಅಂತ ದಾರ ನೋಡಿ ಇನ್ನೊಬ್ರು ಓದೋದು, ಮರಕ್ಕೂ ನಮಗೂ ಇರೋ ದೂರ ಟೇಪಲ್ಲಿ ಅಳೆಯೋದು, ದೂರಕ್ಕೆ ಆ ಕೋನದ ಟ್ಯಾನ್ ಗುಣಿಸಿದ್ರೆ ಎತ್ತರ. ಒಬ್ಬರೇ ಮಾಡೋಕೆ ಆಗಲ್ಲ, ನೋಡ್ತಾ ನೋಡ್ತಾ ಓದೋಕೆ ಹೋದ್ರೆ ಕೈ ಅಲುಗ್ತತೆ. ದಾರಕ್ಕೆ ಕಟ್ಟಿರೋ ಪ್ಲಾಸ್ಟಿಕ್ ಮಣಿ ತೂಕನೇ ಇಲ್ಲ, ಫ್ಯಾನ್ ಗಾಳಿಗೂ ಆಡ್ತಿತ್ತು, ಅದನ್ನ ಕಿತ್ತು ಶೆಡ್ಡಿಂದ ಒಂದು ದೊಡ್ಡ ನಟ್ಟು ತಂದು ಕಟ್ಟಿದೆ, ಆಮೇಲೆ ಗಾರೆಯವರ ತೂಗುಗುಂಡಿನ ಥರ ಸ್ಥಿರ ನಿಲ್ತು. ಕಂಪನಿಯವರು ಇದೊಂದಾದ್ರೂ ಮಾಡ್ಬೋದಿತ್ತು, ಒಂದು ನಟ್ಟಿಗೆ ಎಷ್ಟಾಗ್ತತೆ.

ಮೊದಲನೇ ಟೆಸ್ಟು ನಮ್ಮ ಮನೆ ಹಿಂದಿನ ತೆಂಗಿನ ಮರ. 12 ಮೀಟರ್ ದೂರ ನಿಂತ್ಕಂಡು ನೋಡಿದ್ರೆ 42 ಡಿಗ್ರಿ. ಟ್ಯಾನ್ 42 ಅಂದ್ರೆ 0.9, ಹಂಗಾಗಿ 10.8 ಮೀಟರ್. ಇಲ್ಲೊಂದು ಮುಖ್ಯ ವಿಷ್ಯ ಪುಸ್ತಕ ಎಲ್ಲೂ ಹೇಳಲ್ಲ, ನೋಡೋದು ನೆಲದಿಂದ ಅಲ್ವಲ್ಲ, ಕಣ್ಣಿಂದ, ಆದ್ದರಿಂದ ಕಣ್ಣಿನ ಎತ್ತರ ಕೂಡಿಸಬೇಕು. ಮಗಳ ಕಣ್ಣು ನೆಲದಿಂದ 1.5 ಮೀಟರ್, ಒಟ್ಟು 12.3. ಪರೀಕ್ಷೇಲಿ ಈ 1.5 ಮೀಟರ್ ಎತ್ತರದ ಹುಡುಗ ಅಂತ ಲೆಕ್ಕ ಬರ್ತತಲ್ಲ, ಅದು ಸುಮ್ನೆ ಕೊಟ್ಟಿರೋದಲ್ಲ ಅಂತ ಅವಳಿಗೆ ಗೊತ್ತಾಗಿದ್ದು ಆವಾಗ. ಆಮೇಲೆ ಕಾಯಿ ಕೀಳೋ ಯಜಮಾನ್ರು ಬಂದಾಗ ಟೇಪಿನ ತುದಿ ಕೈಗೆ ಕೊಟ್ಟು ಮೇಲೆ ತಗಂಡು ಹೋಗ್ರಿ ಅಂದ್ವಿ. 12.1 ಬಂತು. ಇಪ್ಪತ್ತು ಸೆಂಟಿಮೀಟರ್ ವ್ಯತ್ಯಾಸ, ಪ್ಲಾಸ್ಟಿಕ್ ಸಾಮಾನಿಗೆ ಇದು ಭೇಷ್. ಆದ್ರೆ ಯಜಮಾನ್ರು ಇಳಿದು ಬಂದು "ಇದಕ್ಯಾಕೆ ಇಷ್ಟೆಲ್ಲಾ ಸಾವ್ಕಾರ್ರೆ, ನಲವತ್ತಡಿ ಐತೆ ಅಂತ ನಾನೇ ಹೇಳ್ತಿದ್ನಲ್ಲ" ಅಂದ್ರು. ನಲವತ್ತಡಿ ಅಂದ್ರೆ 12.19 ಮೀಟರ್. ನಮ್ಮ ಕಿಟ್ಟಿಗಿಂತ ಅವರದ್ದೇ ಕರೆಕ್ಟು, ಮಗಳು ನಕ್ಕಿದ್ದೂ ನಕ್ಕಿದ್ದೇ.

ಎರಡನೇದು ನಮ್ ಏರಿಯಾದ ಓವರ್‌ಹೆಡ್ ಟ್ಯಾಂಕು. ಇಲ್ಲಿ ಒಂದು ಒಳ್ಳೆ ಪಾಠ ಸಿಕ್ತು, ಇದನ್ನೂ ಪುಸ್ತಕ ಬರ್ದಿಲ್ಲ. ಟ್ಯಾಂಕು ಕಣ್ಣಿನ ಮಟ್ಟದಿಂದ 20 ಮೀಟರ್ ಅಂತ ಇಟ್ಕಳ್ರಿ. 20 ಮೀಟರ್ ದೂರ ನಿಂತ್ರೆ ಕೋನ 45 ಡಿಗ್ರಿ, ಅಲ್ಲಿ ಒಂದು ಡಿಗ್ರಿ ತಪ್ಪು ಓದಿದ್ರೆ ಎತ್ತರದಲ್ಲಿ 0.7 ಮೀಟರ್ ತಪ್ಪು ಬರ್ತತೆ. ಅದೇ ಟ್ಯಾಂಕಿನ ಬುಡಕ್ಕೆ ಹೋಗಿ 5 ಮೀಟರಲ್ಲಿ ನಿಂತ್ರೆ ಕೋನ 76, ಅಲ್ಲಿ ಅದೇ ಒಂದು ಡಿಗ್ರಿಗೆ 1.6 ಮೀಟರ್ ತಪ್ಪು. ದೂರ ಹೋದಷ್ಟೂ ಒಳ್ಳೇದೇನೋ ಅಂತ 100 ಮೀಟರ್ ಆಚೆ ಹೋದ್ರೆ ಕೋನ 11 ಚಿಲ್ಲರೆ, ಅಲ್ಲಿ 1.8 ಮೀಟರ್! ಹತ್ರನೂ ಬೇಡ ದೂರನೂ ಬೇಡ, 45ರ ಆಸುಪಾಸಲ್ಲಿ ನಿಂತ್ಕಂಡ್ರೆ ಕೈ ತಪ್ಪಿದ್ರೂ ಲೆಕ್ಕ ಜಾಸ್ತಿ ಕೆಡಲ್ಲ. ಈ ಕಿಟ್ಟಲ್ಲಿ ಅರ್ಧ ಡಿಗ್ರಿ ಗೆರೆನೂ ಇಲ್ಲ, ಬರೀ ಒಂದೊಂದು ಡಿಗ್ರಿಗೆ ಗೆರೆ, ಹಂಗಿದ್ದಾಗ ಎಲ್ಲಿ ನಿಲ್ಲಬೇಕು ಅಂತ ಒಂದು ಸಾಲು ಬರೆಯೋಕೆ ಏನ್ರಿ ಕಷ್ಟ?

ಮೂರನೇದಕ್ಕೆ ಚಿತ್ರದುರ್ಗಕ್ಕೆ ಹೋಗಿದ್ವಿ. ಕೋಟೆ ನೋಡಿ ವರ್ಷಗಟ್ಲೆ ಆಗಿತ್ತು, ಕಿಟ್ಟು ನೆಪ. ಕೋಟೆ ಮೇಲೆ ಬತೇರಿ ಹತ್ರ ನಿಂತು ಕೆಳಗೆ ನೋಡಿ ಅವನತ ಕೋನ ಅಳೆಯೋಣ ಅಂದ್ರೆ ಆ ಗಾಳೀಲಿ ನನ್ನ ನಟ್ಟೂ ನಿಲ್ಲಲಿಲ್ಲ, ಗಡಿಯಾರದ ಲೋಲಕದಂಗೆ ಆಡ್ತಿತ್ತು, ಬಿಟ್ವಿ. ಮಗಳು ಓಬವ್ವನ ಕಿಂಡಿ ಹತ್ರ ಫೋಟೋ ತೆಗೆಸ್ಕಂಡ್ಲು, ಅಲ್ಲಿ ಅಳೆಯೋಕೆ ಏನೂ ಇಲ್ಲ. ಅಸಲಿ ಆಟ ಶುರುವಾಗಿದ್ದು ವಾಪಸ್ ಬರ್ತಾ ಗಾಳಿಯಂತ್ರ ಕಂಡಾಗ.

ದುರ್ಗದ ಸುತ್ತ ಈ ದೊಡ್ಡ ಫ್ಯಾನುಗಳು ನಿಮಗೆಲ್ಲಾ ಗೊತ್ತೇ ಇರ್ತವೆ, ಹೈವೇಲಿ ಹೋಗ್ತಾ ಕಾಣ್ತವೆ. ಬಯಲಲ್ಲಿರೋ ಒಂದರ ಹತ್ರ ಕಾರು ನಿಲ್ಸಿದ್ವಿ. ಬುಡಕ್ಕೆ ಹೋಗೋಕಾಗಲ್ಲ, ಬೇಲಿ ಹಾಕಿರ್ತಾರೆ, ಹಂಗಾಗಿ ದೂರ ಎಷ್ಟು ಅಂತ ಅಳೆಯೋದೇ ಆಗಲ್ಲ. ಇಂಥದ್ದಕ್ಕೆ ಎರಡು ಕೋನದ ವಿಧಾನ ಐತೆ, ಪುಸ್ತಕದಲ್ಲಿ ಚೆನ್ನಾಗೇ ವಿವರಿಸಿದಾರೆ, ಇದೊಂದು ಪ್ಲಸ್ಸು. ಒಂದು ಕಡೆ ನಿಂತು ಕೋನ ನೋಡೋದು, ಅದೇ ನೇರಕ್ಕೆ ಹಿಂದಕ್ಕೆ ಹೋಗಿ ಇನ್ನೊಂದು ಸಲ ನೋಡೋದು, ನಡುವಿನ ದೂರ ಮಾತ್ರ ಟೇಪಲ್ಲಿ ಅಳೆದ್ರೆ ಸಾಕು, ಬುಡದ ದೂರ ಗೊತ್ತಿಲ್ದೇನೇ ಎತ್ತರ ಸಿಗ್ತತೆ. ನೆಲ ಮಟ್ಟವಾಗಿರಬೇಕು ಅಷ್ಟೇ. ಶೇಂಗಾ ಕಿತ್ತ ಹೊಲ, ಮಟ್ಟವಾಗೇ ಇತ್ತು. ಮೊದಲ ಜಾಗದಲ್ಲಿ 40 ಡಿಗ್ರಿ, 30 ಮೀಟರ್ ಹಿಂದಕ್ಕೆ ಬಂದ್ಮೇಲೆ 32. ಮೊಬೈಲ್ ಕ್ಯಾಲ್ಕುಲೇಟರಲ್ಲಿ ಲೆಕ್ಕ ಹಾಕಿದ್ರೆ 73 ಚಿಲ್ಲರೆ, ಕಣ್ಣಿನ ಎತ್ತರ ಸೇರಿ ಫ್ಯಾನಿನ ನಡುಭಾಗ ಸುಮಾರು 75 ಮೀಟರ್ ಎತ್ತರದಲ್ಲೈತೆ ಅಂತ ಬಂತು. ನಾವು ಟೇಪ್ ಎಳೆಯೋದು ನೋಡಿ ಹೊಲದೋರು ಓಡಿ ಬಂದು "ಏನ್ ಸಾರ್, ರೋಡ್ ಅಗಲ ಮಾಡ್ತಾರಾ, ನಮ್ದೆಷ್ಟು ಹೋಗ್ತತೆ" ಅಂತ ಗಾಬರಿಯಾಗಿ ಕೇಳಿದ್ರು. ಸ್ಕೂಲ್ ಹುಡುಗಿ ಲೆಕ್ಕ ಅಂದ್ಮೇಲೆ ಸಮಾಧಾನ ಆಗಿ ಹಸಿ ಶೇಂಗಾ ಕೊಟ್ರು.

ಕಾರಲ್ಲಿ ಬರ್ತಾ ಮಗಳು, 32ರ ಬದ್ಲು 33 ಓದಿದ್ರೆ ಅಂತ ಹಾಕಿ ನೋಡಿದ್ಲು. 88 ಮೀಟರ್ ಬಂತು! ಒಂದೇ ಒಂದು ಡಿಗ್ರಿಗೆ 13 ಮೀಟರ್ ಜಾಸ್ತಿ, ಅಂದ್ರೆ ನಾಲ್ಕು ಅಂತಸ್ತಿನ ಮನೆ. ಹಿಂದಕ್ಕೆ ಹೋಗೋದು 30ರ ಬದ್ಲು 60 ಮೀಟರ್ ಆಗಿದ್ರೆ ಅದೇ ತಪ್ಪಿಗೆ 8-9 ಮೀಟರ್ ಅಷ್ಟೇ ವ್ಯತ್ಯಾಸ. ನೆಲದ ಮೇಲೆ ಅಳೆಯೋ ಗೆರೆ ಉದ್ದ ಇದ್ದಷ್ಟೂ ಲೆಕ್ಕ ಗಟ್ಟಿ. ಕಿಟ್ಟಲ್ಲಿ 30 ಮೀಟರ್ ಟೇಪೇ ಇರೋದು, ಅದೂ ಬಟ್ಟೇದು, ಎಳೆದ್ರೆ ಹಿಗ್ಗತ್ತೆ. ನಾನಂತೂ ಆಮೇಲೆ ಶೆಡ್ಡಿನ ಸ್ಟೀಲ್ ಟೇಪೇ ಕೊಟ್ಟೆ.

ಈ ಅನುಭವ ಆದ್ಮೇಲೆ ಪುಸ್ತಕದ ಇತಿಹಾಸದ ಪುಟ ಓದಿದ್ರೆ ರುಚಿನೇ ಬೇರೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನೋನು ದೇಶ ಅಳೆಯೋ ಬ್ರಿಟಿಷರ ಸರ್ವೆಗೆ ಅಂತ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಮೊದಲನೇ ಗೆರೆ ಅಳೆದ, ಏಳೂವರೆ ಮೈಲಿ ಉದ್ದ. ಅಲ್ಲಿಂದ ತ್ರಿಕೋನಕ್ಕೆ ತ್ರಿಕೋನ ಜೋಡಿಸ್ಕಂಡು ನಮ್ಮ ಮೈಸೂರು ಸೀಮೆ ದಾಟಿ ಮಂಗಳೂರು ತನಕ, ಆಮೇಲೆ ಉತ್ತರಕ್ಕೆ ಹಿಮಾಲಯದ ತನಕ ಹೋದ್ರು. ಒಂದು ಬಾಹು ನೆಲದ ಮೇಲೆ ಅಳೆದ್ರೆ ಉಳಿದಿದ್ದೆಲ್ಲಾ ಬರೀ ಕೋನ ನೋಡಿ ಲೆಕ್ಕ, ಗುಡ್ಡದಿಂದ ಗುಡ್ಡಕ್ಕೆ. ಅವರ ಥಿಯೊಡೊಲೈಟು (ಕೋನ ಅಳೆಯೋ ಯಂತ್ರ) ಅರ್ಧ ಟನ್ ತೂಕ, 1808ರಲ್ಲಿ ತಂಜಾವೂರು ದೇವಸ್ಥಾನದ ಗೋಪುರಕ್ಕೆ ಏರಿಸೋಕೆ ಹೋಗಿ ಹಗ್ಗ ಹರಿದು ಗೋಡೆಗೆ ಬಡಿದು ಸೊಟ್ಟ ಆಯ್ತು, ಲ್ಯಾಂಬ್ಟನ್ನೇ ಕೂತು ರಿಪೇರಿ ಮಾಡ್ಕಂಡ. ಫ್ಯಾಬ್ರಿಕೇಷನ್ನೋನಿಗೆ ಇಂಥದ್ದು ಓದಿದ್ರೆ ಖುಷಿ ಆಗದೆ ಇರ್ತತಾ.

ಮುಂದೆ ಅದೇ ಸರ್ವೇಲಿ ರಾಧಾನಾಥ ಸಿಕ್ದಾರ್ ಅನ್ನೋ ಬಂಗಾಳಿ ಗಣಿತದವರು 1852ರಲ್ಲಿ ಹಿಮಾಲಯದ 15ನೇ ನಂಬರ್ ಶಿಖರದ ಲೆಕ್ಕ ಮುಗಿಸಿ ಇದೇ ಎಲ್ಲದಕ್ಕಿಂತ ಎತ್ತರ ಅಂದ್ರು. ಅದೇ ಎವರೆಸ್ಟು. ನೇಪಾಳದೊಳಗೆ ಬಿಡ್ತಿರಲಿಲ್ಲ, ನೂರು ಮೈಲಿಗೂ ಜಾಸ್ತಿ ದೂರದಿಂದ ನೋಡಿದ್ದು, ಭೂಮಿ ಗುಂಡಗಿರೋದು, ಗಾಳೀಲಿ ಬೆಳಕು ಬಾಗೋದು ಎಲ್ಲಾ ಕಳೆದು ಕೂಡಿಸಿ 29,002 ಅಡಿ ಅಂತ ಹೇಳಿದ್ರು. ಈಗಿನ ಲೆಕ್ಕ 8848.86 ಮೀಟರ್, 2020ರಲ್ಲಿ ಘೋಷಣೆ ಆಗಿದ್ದು. ಎರಡಕ್ಕೂ ವ್ಯತ್ಯಾಸ ಸುಮಾರು 9 ಮೀಟರ್. ನಾವು ಶೇಂಗಾ ಹೊಲದಲ್ಲಿ ನಿಂತು ಕಣ್ಣೆದುರಿಗಿರೋ ಫ್ಯಾನಿಗೆ 13 ಮೀಟರ್ ಅತ್ತಿತ್ತ ಆಗ್ತಿದೀವಿ, ಅವರು ನೂರು ಮೈಲಿ ಆಚೆಯಿಂದ ಎವರೆಸ್ಟಿಗೆ 9 ಮೀಟರ್! ಮಗಳು ಈ ಪುಟ ಅವರಮ್ಮಂಗೂ ಓದಿ ಹೇಳಿದ್ಲು.

ಇನ್ನೊಂದು ಪುಟ ಆರ್ಯಭಟಂದು, ಇಡೀ ಪುಸ್ತಕದಲ್ಲಿ ನನಗೆ ಬಾಳ ಇಷ್ಟ ಆಗಿದ್ದು. 499ರಲ್ಲಿ ಬರೆದ ಆರ್ಯಭಟೀಯದಲ್ಲಿ 90 ಡಿಗ್ರಿನ 24 ಭಾಗ ಮಾಡಿ ಒಂದೊಂದಕ್ಕೂ ಸೈನ್ ಬೆಲೆ ಸಿಗೋ ಹಂಗೆ ಕೊಟ್ಟಿದಾನೆ, ಅದೂ ನೇರವಾಗಿ ಕೊಡದೆ ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಚ್ಚಾಗ್ತತೆ ಅನ್ನೋದನ್ನ ಶ್ಲೋಕದಲ್ಲಿ ಕೂರಿಸಿದಾನೆ, 225, 224, 222, 219, 215 ಹಿಂಗೆ. ವೃತ್ತದ ತ್ರಿಜ್ಯ (ಇಲ್ಲಿ ಅದೇ ವಿಕರ್ಣ) 3438 ಅಂತ ಅವನ ಲೆಕ್ಕ. ಯಾಕೆ 3438 ಅಂದ್ರೆ ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ಕಲೆ, ಒಟ್ಟು 21,600, ಅದನ್ನ ಎರಡು ಪೈಯಿಂದ ಭಾಗಿಸಿದ್ರೆ ಅದೇ ಬರ್ತತೆ. ಪುಸ್ತಕದಲ್ಲಿ ಮೊದಲ ಎಂಟು ಸಂಖ್ಯೆ ಕೂಡಿಸಿ ನೋಡಿ ಅಂದಿದಾರೆ. ಎಂಟು ಭಾಗ ಅಂದ್ರೆ 30 ಡಿಗ್ರಿ. ಮಗಳು ಕೂಡಿಸಿದ್ಲು, 225, 224, 222, 219, 215, 210, 205, 199, ಒಟ್ಟು 1719. 3438ರ ಕರೆಕ್ಟಾಗಿ ಅರ್ಧ! ಊಟ ಮಾಡ್ತಾ ಕೇಳಿದ ಪ್ರಶ್ನೆಗೆ ಸಾವಿರದೈನೂರು ವರ್ಷದ ಹಿಂದಿನೋನು ಕೊಟ್ಟ ಉತ್ತರನೂ ಅದೇ. ಈ ಪುಟ ಬರೆದೋರು ಯಾರೋ ನಿಜವಾಗ್ಲೂ ಪಾಠ ಮಾಡಿದೋರೇ ಇರಬೇಕು.

ಆದ್ರೆ "ನಿತ್ಯ ಜೀವನದಲ್ಲಿ ಉಪಯೋಗಗಳು" ಅಂತ ಕೊನೇ ಪುಟ ಐತಲ್ಲ, ಅದನ್ನ ಬರೆದೋರು ಬೇರೆಯವರೇ. ವಾಸ್ತುಶಿಲ್ಪ, ಸಂಗೀತ, ವೈದ್ಯಕೀಯ, ಉಪಗ್ರಹ, ನೌಕಾಯಾನ ಅಂತ ಸಾಲಾಗಿ ಹೆಸರು ಹಾಕಿ ಪಕ್ಕಕ್ಕೆ ಒಂದೊಂದು ಚಿತ್ರ. ಹೆಂಗೆ ಉಪಯೋಗ ಅಂತ ಒಂದಕ್ಕೂ ಇಲ್ಲ. ಜಿಪಿಎಸ್ ಚಿತ್ರದಲ್ಲಿ ಉಪಗ್ರಹದಿಂದ ಮೊಬೈಲಿಗೆ ಕೋನ ಬರ್ದಿದಾರೆ, ಮೊಬೈಲು ಕೋನ ನೋಡೋದೇ ಇಲ್ಲ, ಸಿಗ್ನಲ್ ಬರೋಕೆ ಎಷ್ಟು ಟೈಮ್ ಹಿಡೀತು ಅನ್ನೋದರಿಂದ ದೂರ ಲೆಕ್ಕ ಹಾಕತ್ತೆ, ನಾಲ್ಕು ಉಪಗ್ರಹದ ದೂರ ಸಿಕ್ರೆ ಜಾಗ ಗೊತ್ತಾಗ್ತತೆ. ಮಕ್ಳ ಪುಸ್ತಕದಲ್ಲಿ ಹಿಂಗೆ ತಪ್ಪು ಹಾಕಬಾರದು.

ನಮ್ಮ ಶೆಡ್ಡಿಗೆ ಬಂದಿದ್ರೆ ನಾನೇ ಹೇಳ್ತಿದ್ದೆ ಉಪಯೋಗ. ಇಪ್ಪತ್ತಡಿ ಅಗಲದ ಶೀಟ್ ಮನೆ, ಎರಡೂ ಕಡೆ ವಾಟ (ಇಳಿಜಾರು). ಅರ್ಧ ಅಂದ್ರೆ ಹತ್ತಡಿಗೆ ಎರಡೂವರೆ ಅಡಿ ಎತ್ತರ ಕೊಡ್ತೀವಿ, ನಾಲ್ಕಕ್ಕೆ ಒಂದು. ಟ್ಯಾನ್ 0.25, ಕೋನ 14 ಡಿಗ್ರಿ. ಶೀಟ್ ಎಷ್ಟುದ್ದ ಬೇಕು ಅಂದ್ರೆ ಹತ್ತನ್ನ ಕಾಸ್ 14ರಿಂದ ಭಾಗಿಸ್ರಿ, 10.3 ಅಡಿ, ಮೇಲೆ ಒಂದಡಿ ಚಾಚು. ಯಾರಾದ್ರೂ ಮಳೆ ಜಾಸ್ತಿ ಅಂತ 30 ಡಿಗ್ರಿ ವಾಟ ಕೇಳಿದ್ರೆ ಅದೇ ಶೀಟು ಹನ್ನೊಂದೂವರೆ ಅಡಿ ದಾಟ್ತತೆ, ಎರಡೂ ಕಡೆ ಸೇರಿ ಎಷ್ಟು ದುಡ್ಡು ಜಾಸ್ತಿ ಅಂತ ಕಸ್ಟಮರಿಗೆ ಅಲ್ಲೇ ಹೇಳ್ಬೋದು. ನಮ್ಮಪ್ಪ ಇದನ್ನೆಲ್ಲಾ ಚಾಕ್‌ಪೀಸಲ್ಲಿ ನೆಲದ ಮೇಲೆ ಫುಲ್ ಸೈಜ್ ಬರ್ದು ಅಳೀತಿದ್ರು, ಅದೂ ತ್ರಿಕೋನಮಿತಿನೇ, ಟೇಬಲ್ ಇಲ್ದೆ ಇರೋದು.

ಇನ್ನೊಂದು ಮಜಾ ಕೇಳ್ರಿ. ದಾವಣಗೆರೆ ಇರೋದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸೋಲಾರ್ ಪ್ಯಾನೆಲ್ಲನ್ನ ವರ್ಷವಿಡೀ ಒಂದೇ ಕಡೆ ಇಡೋದಾದ್ರೆ ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚೂಕಮ್ಮಿ ಅಷ್ಟೇ ಡಿಗ್ರಿ ಓರೆ ಇಡ್ತಾರೆ. ಅಂದ್ರೆ ನಾಲ್ಕಕ್ಕೊಂದು ವಾಟದ ಶೀಟು ದಕ್ಷಿಣಕ್ಕೆ ಇದ್ರೆ ಪ್ಯಾನೆಲ್ಲಿಗೆ ಬೇರೆ ಸ್ಟ್ಯಾಂಡೇ ಬೇಡ, ಮೇಲೆ ಮಲಗ್ಸಿದ್ರೆ ಆಯ್ತು! ನನಗೆ ಒಂದು ಸ್ಟ್ಯಾಂಡ್ ಆರ್ಡರ್ ಹೋಗ್ತತೆ, ಇರಲಿ ಬಿಡ್ರಿ. ನೆರಳಿನ ಲೆಕ್ಕನೂ ಇದರಿಂದಲೇ. ಡಿಸೆಂಬರ್ 21-22ರ ಮಧ್ಯಾಹ್ನ ಸೂರ್ಯ ನಮ್ಮೂರಲ್ಲಿ 52 ಡಿಗ್ರಿ ಎತ್ತರಕ್ಕೆ ಮಾತ್ರ ಬರ್ತಾನೆ, ಅವತ್ತು ಹತ್ತಡಿ ಎತ್ತರದ ಸಿಂಟೆಕ್ಸ್ ಸ್ಟ್ಯಾಂಡಿನ ನೆರಳು ಉತ್ತರಕ್ಕೆ 7.8 ಅಡಿ ಬೀಳ್ತತೆ. ಅಷ್ಟು ಜಾಗ ಬಿಟ್ಟು ಪ್ಯಾನೆಲ್ ಹಾಕಿದ್ರೆ ವರ್ಷದಲ್ಲಿ ಯಾವ ದಿನನೂ ಮಧ್ಯಾಹ್ನದ ನೆರಳು ತಾಗಲ್ಲ. ಹತ್ತನ್ನ ಟ್ಯಾನ್ 52ರಿಂದ ಭಾಗಿಸೋದು, ಹತ್ತನೇ ಕ್ಲಾಸಿನ ಲೆಕ್ಕ.

ಕರೆಂಟಿನ ವಿಷ್ಯ ಪುಸ್ತಕದಲ್ಲಿ ಸುಳಿವೇ ಇಲ್ಲ, ನನ್ ಪ್ರಕಾರ ಎಲ್ಲಕ್ಕಿಂತ ದೊಡ್ಡ ಉಪಯೋಗ ಅದೇ. ಮನೆಗೆ ಬರೋ ಕರೆಂಟು ಸೈನ್ ಅಲೆ, ಸೆಕೆಂಡಿಗೆ 50 ಸಲ ಏರಿ ಇಳೀತತೆ. 230 ವೋಲ್ಟ್ ಅಂತೀವಿ, ಆದ್ರೆ ಅಲೆಯ ತುದೀಲಿ 325 ಇರ್ತತೆ. ಮೂರು ಫೇಸು ಅಂದ್ರೆ ಮೂರು ಸೈನ್ ಅಲೆ, ಒಂದಕ್ಕೊಂದು 120 ಡಿಗ್ರಿ ಹಿಂದೆ ಮುಂದೆ, ಅದಕ್ಕೇ ಎರಡು ಫೇಸ್ ನಡುವೆ ಮೀಟರ್ ಹಿಡಿದ್ರೆ 230 ಎರಡು ಸಲ ಸೇರಿ 460 ಬರಲ್ಲ, 1.732ರಿಂದ ಗುಣಿಸಿ 400 ಹತ್ರ ಬರ್ತತೆ. ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್ ಇರೋರಿಗೆ ಪವರ್ ಫ್ಯಾಕ್ಟರ್ ತಲೆನೋವು ಗೊತ್ತು, ಅದು ಕಾಸ್ ಥೀಟಾನೇ, ವೋಲ್ಟೇಜ್ ಅಲೆಗೂ ಕರೆಂಟ್ ಅಲೆಗೂ ಇರೋ ಅಂತರದ ಕಾಸು. ಅಂತರ 45 ಡಿಗ್ರಿ ಆದ್ರೆ ಕಾಸ್ 0.7, ಲೈನಿಂದ ನೂರು ಎಳ್ಕಂಡು ಎಪ್ಪತ್ತರ ಕೆಲಸ. ಕೆಪಾಸಿಟರ್ ಹಾಕೋದು ಆ ಅಂತರ ಕಮ್ಮಿ ಮಾಡೋಕೆ. ಮೊಬೈಲಲ್ಲಿ ಕಳಿಸೋ ಜೆಪೆಗ್ ಫೋಟೋನೂ ಅಷ್ಟೇ, ಚಿತ್ರನ ಎಂಟಕ್ಕೆ ಎಂಟು ಚುಕ್ಕಿಯ ಚೌಕ ಚೌಕ ಮಾಡಿ ಕಾಸ್ ಅಲೆಗಳ ಮೊತ್ತವಾಗಿ ಬರ್ದು ಸಣ್ಣ ಮಾಡೋದು. ಇಂಥವು ಎರಡು ಹಾಕಿದ್ರೆ ಸಾಕಿತ್ತು.

ವೃತ್ತದ ಬೋರ್ಡಿನ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಮುಳ್ಳು ತಿರುಗಿಸಿದ್ರೆ ಅದರ ತುದಿ ಎಷ್ಟು ಮೇಲೈತೆ ಅನ್ನೋದು ಸೈನು, ಎಷ್ಟು ಪಕ್ಕಕ್ಕೈತೆ ಅನ್ನೋದು ಕಾಸು, 90 ದಾಟಿದ ಮೇಲೆ ಕಾಸ್ ಮೈನಸ್ ಆಗೋದು ಕಣ್ಣಿಗೇ ಕಾಣ್ತತೆ. ಪಿಯುಸಿಗೆ ಹೋದ್ಮೇಲೆ ಉಪಯೋಗ ಬರ್ತತೆ. ಮುಳ್ಳಿನ ರಿವಿಟ್ಟು ಮಾತ್ರ ಆಗ್ಲೇ ಲೂಸು, ನಿಲ್ಸಿದ ಕಡೆ ನಿಲ್ಲಲ್ಲ, ತಾನೇ ಕೆಳಗೆ ಬೀಳ್ತತೆ.

ಮೊಬೈಲ್ ಆ್ಯಪ್ ಇರೋವಾಗ ಇದ್ಯಾಕೆ ಅಂತ ಕೇಳ್ತೀರ. ನ್ಯಾಯವಾದ ಪ್ರಶ್ನೆ. ಕೋನ ಅಳೆಯೋ ಆ್ಯಪು ಫ್ರೀ ಸಿಗ್ತವೆ, ಡಿಗ್ರಿಯ ಹತ್ತನೇ ಒಂದು ಭಾಗದ ತನಕ ತೋರಿಸ್ತವೆ, ಗಾಳಿ ಬಂದ್ರೆ ದಾರ ಆಡೋ ರಗಳೆ ಇಲ್ಲ. ಬರೀ ಎತ್ತರ ಗೊತ್ತಾಗಬೇಕು ಅಂದ್ರೆ ದುಡ್ಡು ಖರ್ಚು ಮಾಡ್ಬೇಡ್ರಿ, ನಾನೂ ಸೈಟಲ್ಲಿ ಮೊಬೈಲೇ ಬಳಸೋದು. ಆದ್ರೆ ಆ್ಯಪಲ್ಲಿ ನಂಬರ್ ಬರ್ತತೆ ಅಷ್ಟೇ, ಅದು ಎಲ್ಲಿಂದ ಬಂತು ಅಂತ ಮಕ್ಳಿಗೆ ಗೊತ್ತಾಗಲ್ಲ. ಎಂಟನೇ ಒಂಬತ್ತನೇ ಕ್ಲಾಸಿನೋರಿಗೆ ಈಗಲೇ ಕೊಟ್ರೆ ಹತ್ತಕ್ಕೆ ಬರೋ ಹೊತ್ತಿಗೆ ತಲೇಲಿ ಕೂತಿರ್ತತೆ. ಮಾರ್ಚಲ್ಲಿ ಪರೀಕ್ಷೆ ಇಟ್ಕಂಡು ಫೆಬ್ರವರೀಲಿ ತಗಳೋರಿಗೆ ಬೇಡ, ಆವಾಗ ಹಳೇ ಪ್ರಶ್ನೆಪತ್ರಿಕೆ ಬಿಡಿಸೋದೇ ವಾಸಿ. ಸ್ಕೂಲಿನೋರು ಒಂದು ಕ್ಲಾಸಿಗೆ ನಾಲ್ಕೈದು ಕಿಟ್ ತಗಂಡ್ರೆ ದುಡ್ಡಿಗೆ ಮೋಸ ಇಲ್ಲ.

ಕೊನೇದಾಗಿ ಪ್ರಿಂಟಿಂಗ್ ಮಿಸ್ಟೇಕು, ತಗಂಡಿರೋರು ಇವತ್ತೇ ನೋಡ್ಕಳ್ರಿ. ಪುಸ್ತಕದ ಹಿಂದಿನ ಟೇಬಲಲ್ಲಿ ಟ್ಯಾನ್ 60ರ ಮುಂದೆ 1.372 ಅಂತ ಐತೆ, 1.732 ಆಗ್ಬೇಕು. ಇದನ್ನ ಹಿಡಿದಿದ್ದು ನಮ್ ಶೆಡ್ಡಿಗೆ ಬರೋ ಎಲೆಕ್ಟ್ರಿಷಿಯನ್ನು, ತ್ರೀ ಫೇಸ್ ಲೆಕ್ಕ ಹಾಕೋನಿಗೆ ಆ ನಂಬರು ನಾಲಿಗೆ ಮೇಲೇ ಇರ್ತತಲ್ಲ, ಟೀ ಕುಡೀತಾ ಪುಸ್ತಕ ತಿರುವಿ ಹಾಕಿ "ಅಣ್ಣ, ಇದು ತಪ್ಪು" ಅಂದ. ಅಂಗಡಿಗೆ ತಗಂಡು ಹೋಗಿ ಬೇರೆ ಪುಸ್ತಕ ಕೊಡ್ರಿ ಅಂದ್ರೆ, ಅವರು ಇನ್ನೆರಡು ಡಬ್ಬಿ ಬಿಚ್ಚಿ ನೋಡಿ "ಎಲ್ಲದ್ರಲ್ಲೂ ಹಂಗೇ ಐತಲ್ಲ ಸಾರ್, ಪೆನ್ನಲ್ಲಿ ತಿದ್ಕಂಬಿಡ್ರಿ" ಅಂದು ಪೆನ್ನು ಕೊಟ್ರು. ಪೆನ್ನು ವಾಪಸ್ ಇಸ್ಕಂಡ್ರು.